ಎಲ್ಲ ದೇವರ ಕೈಯಲ್ಲಿದೆ ಅಂದ ಮೇಲೂ ಭಯ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ನಾನು ಪಾಸ್ಟರ್ ಅಲ್ಲ, ದೇವರ ಶಾಸ್ತ್ರ ಓದಿ ಪದವಿ ತಗೊಂಡವನೂ ಅಲ್ಲ. ಶುಕ್ರವಾರ ಸಂಜೆ ನಮ್ಮ ಮನೆ ಜಗಲಿಯಲ್ಲಿ ಹತ್ತು ಹದಿನೈದು ಜನ ಸೇರಿ ಬೈಬಲ್ ಓದುತ್ತೇವೆ. ಓದುವಾಗ ಎಲ್ಲರೂ ಸುಮ್ಮನೆ ತಲೆ ಆಡಿಸುತ್ತಾರೆ. ನಿಜವಾದ ಪ್ರಶ್ನೆ ಬರುವುದು ಆಮೇಲೆ, ಕಾಫಿ ಲೋಟ ಕೈಗೆ ಬಂದಾಗ. ಅದರಲ್ಲೂ ಭಯದ ಬಗ್ಗೆಯೇ ಜಾಸ್ತಿ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಸಾಲು. ನನಗೆ ಎಷ್ಟು ಏಟು ಬಿದ್ದಿದೆಯೋ ಅಷ್ಟು ಉದ್ದ ಅಂದುಕೊಳ್ಳಿ.

ದೇವರು ಸಾರ್ವಭೌಮ ಅನ್ನುತ್ತಾರಲ್ಲ, ಹಾಗಂದ್ರೆ ಏನು?

ರಾಜ ಅಂತ. ಗೋಡೆ ಮೇಲಿನ ಫೋಟೋದಲ್ಲಿ ಕೂತ ರಾಜ ಅಲ್ಲ, ಈಗಲೂ ಆಳುತ್ತಿರುವ ರಾಜ. ಅವನ ಕಣ್ಣು ತಪ್ಪಿಸಿ ಏನೂ ಆಗುವುದಿಲ್ಲ, ಅವನ ಕೈ ಮೀರಿ ಏನೂ ಹೋಗುವುದಿಲ್ಲ.

ಯೇಸು ಇದನ್ನು ಗುಬ್ಬಿಗಳ ಲೆಕ್ಕದಲ್ಲಿ ಹೇಳಿದ. ಮತ್ತಾಯ 10ರಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12ರಲ್ಲಿ ಎರಡು ಕಾಸಿಗೆ ಐದು. ಲೆಕ್ಕ ನೋಡಿ, ಎರಡು ಕಾಸಿಗೆ ನಾಲ್ಕು ಬರಬೇಕಿತ್ತು. ಐದನೆಯದು ಕೊಸರು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ ತಗೊಂಡ ಮೇಲೆ ಚೀಲ ಹಿಡಿದುಕೊಂಡೇ ನಿಲ್ಲುತ್ತೇವಲ್ಲ, ಅವರು ನಾಲ್ಕು ಎಸಳು ಕೊತ್ತಂಬರಿ ಮೇಲೆ ಹಾಕುವ ತನಕ? ಆ ಕೊಸರು. ಬೆಲೆಯೇ ಇಲ್ಲದ ಆ ಐದನೇ ಗುಬ್ಬಿಯನ್ನೂ ದೇವರು ಮರೆತಿಲ್ಲ ಅನ್ನುತ್ತಾನೆ ಯೇಸು.

ಆದರೆ ಇನ್ನೊಂದು ಮಾತನ್ನೂ ಗಮನಿಸಿ. ಗುಬ್ಬಿ ಬೀಳುವುದೇ ಇಲ್ಲ ಅಂತ ಅವನು ಹೇಳಿಲ್ಲ. ನಿಮ್ಮ ತಂದೆಯನ್ನು ಬಿಟ್ಟು ಒಂದೂ ನೆಲಕ್ಕೆ ಬೀಳುವುದಿಲ್ಲ ಅಂದ. ಗುಬ್ಬಿ ಬೀಳುತ್ತದೆ, ಬೀಳುವಾಗಲೂ ಅವನು ಅಲ್ಲಿರುತ್ತಾನೆ. ಈ ಒಂದು ಮಾತು ಸರಿಯಾಗಿ ಕಿವಿಗೆ ಬೀಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅಲ್ಲಿವರೆಗೂ ನನ್ನ ನಂಬಿಕೆ ಏನಿತ್ತು ಅಂದರೆ, ನಾನು ಭಾನುವಾರ ತಪ್ಪದೆ ಚರ್ಚಿಗೆ ಹೋದರೆ ನನ್ನ ಗುಬ್ಬಿ ಮಾತ್ರ ಬೀಳುವುದಿಲ್ಲ ಅಂತ.

ಹಾಗಾದ್ರೆ ಇದು ಹಣೆಬರಹವೇ ಅಲ್ವಾ? ಆಗೋದು ಆಗೇ ಆಗ್ತದೆ ಅಂತ ಕೂತರೆ ಸಾಕಲ್ಲ?

ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆದರೆ ಒಂದೇ ಅಲ್ಲ. ಹಣೆಬರಹಕ್ಕೆ ಮುಖ ಇಲ್ಲ. ಅದರ ಹತ್ತಿರ ಅಳೋಕಾಗುವುದಿಲ್ಲ, ಜಗಳ ಆಡೋಕಾಗುವುದಿಲ್ಲ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬ ದೇವರ ಹತ್ತಿರ ಪುಟಗಟ್ಟಲೆ ಜಗಳ ಆಡಿದ. ಕೊನೆಗೆ ದೇವರು, ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಇವನೇ ಅಂದ, ಅವನಿಗೆ ಬುದ್ಧಿ ಹೇಳೋಕೆ ಬಂದ ಮೂವರು ಗೆಳೆಯರಲ್ಲ.

ಕೈಕಟ್ಟಿ ಕೂರುವ ವಿಷಯಕ್ಕೆ ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ಓದಿ. ಪೌಲ ಕೈದಿಯಾಗಿ ಹಡಗಿನಲ್ಲಿ ರೋಮಿಗೆ ಹೋಗುತ್ತಿದ್ದಾನೆ. ಒಟ್ಟು 276 ಜನ. ಬಿರುಗಾಳಿ. ಎಷ್ಟೋ ದಿನ ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ದೇವದೂತ ಬಂದು, ಯಾರ ಜೀವವೂ ಹೋಗುವುದಿಲ್ಲ ಅಂತ ಮಾತು ಕೊಡುತ್ತಾನೆ. ಆ ಮಾತು ಸಿಕ್ಕ ಮೇಲೆ ಪೌಲ ಕಾಲು ಚಾಚಿ ಮಲಗಬಹುದಿತ್ತು. ಮಲಗಲಿಲ್ಲ. ನಾವಿಕರು ಸಣ್ಣ ದೋಣಿ ಇಳಿಸಿ ಕದ್ದು ಓಡಲು ನೋಡಿದಾಗ, ಇವರು ಹಡಗಲ್ಲಿ ಉಳಿಯದಿದ್ದರೆ ನೀವು ಉಳಿಯಲ್ಲ ಅಂತ ಸೈನಿಕರಿಗೆ ಹೇಳಿದ. ಹದಿನಾಲ್ಕು ದಿನದಿಂದ ಉಂಡಿಲ್ಲ, ಏನಾದರೂ ತಿನ್ನಿ ಅಂತ ಎಲ್ಲರನ್ನೂ ಕೂರಿಸಿ ಉಣ್ಣಿಸಿದ. ಕೊನೆಗೆ ಹಡಗು ಒಡೆಯಿತು. ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದರು. 276 ಜನವೂ ದಡ ಸೇರಿದರು.

ದೇವರ ಮಾತೂ ನಿಂತಿತು, ಹಲಗೆಯೂ ಬೇಕಾಯಿತು. ನನಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಬರುವುದಿಲ್ಲ.

ನಂಬಿದ ಮೇಲೂ ನನಗೆ ಭಯ ಆಗ್ತದೆ. ನನ್ನ ನಂಬಿಕೆ ಸುಳ್ಳಾ?

ಅಲ್ಲ. ಕೀರ್ತನೆ 56ರಲ್ಲಿ ದಾವೀದ, ನನಗೆ ಭಯವೇ ಇಲ್ಲ ಅನ್ನುವುದಿಲ್ಲ. ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ ಅನ್ನುತ್ತಾನೆ. ಭಯವೂ ನಂಬಿಕೆಯೂ ಒಂದೇ ಸಾಲಿನಲ್ಲಿ ಕೂತಿವೆ. ಗೆತ್ಸೆಮನೆ ತೋಟದಲ್ಲಿ ಯೇಸುವೇ ತಳಮಳಿಸಿದ, ಸಾಧ್ಯವಾದರೆ ಈ ಬಟ್ಟಲು ನನ್ನಿಂದ ದೂರವಾಗಲಿ ಅಂತ ಬೇಡಿದ.

ಹಾಸನದ ಕಡೆಯ ಹಳೇ ಪ್ರೊಟೆಸ್ಟಂಟ್ ಸಭೆಗಳು ವೆಸ್ಲಿಯನ್ ಮಿಷನ್ನಿಂದ ಬಂದವು. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಆದಾಗ ಅದರೊಳಗೆ ಸೇರಿದವು. ಆ ಮಿಷನ್ನಿಗೆ ಯಾರ ಹೆಸರಿದೆಯೋ ಆ ಜಾನ್ ವೆಸ್ಲಿಯ ಕಥೆ ನಮ್ಮ ಜಗಲಿಯಲ್ಲಿ ಹೇಳಿದರೆ ಎಲ್ಲರಿಗೂ ಒಂಥರಾ ಸಮಾಧಾನ. 1736ರ ಜನವರಿಯಲ್ಲಿ ಅವನು ಹಡಗಿನಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟಿದ್ದ. ಪಾದ್ರಿ, ವಯಸ್ಸು 32, ಬೇರೆಯವರಿಗೆ ದೇವರ ಬಗ್ಗೆ ಹೇಳಲು ಹೊರಟವನು. ಸಮುದ್ರ ಹಡಗಿನ ಮೇಲೇ ಬಂದು ಬಿತ್ತು, ದೊಡ್ಡ ಹಾಯಿ ಹರಿದುಹೋಯಿತು. ಇಂಗ್ಲಿಷರು ಕಿರುಚಾಡಿದರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ಪಂಗಡದವರು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲೇ ಇಲ್ಲ. ಆಮೇಲೆ ವೆಸ್ಲಿ ಹೋಗಿ, ನಿಮಗೆ ಹೆದರಿಕೆ ಆಗಲಿಲ್ವಾ ಅಂತ ಕೇಳಿದ. ಇಲ್ಲ ಅಂದರು. ಹೆಂಗಸರು, ಮಕ್ಕಳು? ಅವರಿಗೂ ಸಾವಿನ ಭಯ ಇಲ್ಲ ಅಂದರು. ತನಗೆ ಮಾತ್ರ ಸಾಯಲು ಭಯ ಆಯಿತು ಅಂತ ವೆಸ್ಲಿ ಮುಚ್ಚಿಡದೆ ಬರೆದುಕೊಂಡ.

ಪಾದ್ರಿಗೇ ಹಾಗಾದರೆ ನಮ್ಮ ನಿಮ್ಮ ಪಾಡೇನು?

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂತಲ್ಲ, ಆವಾಗಿನಿಂದ ಎದೆ ಚುಳ್ ಅಂದ್ರೂ ಜೀವ ಬಾಯಿಗೆ ಬರ್ತದೆ. ಏನು ಮಾಡಲಿ?

ಈ ಪ್ರಶ್ನೆ ಕೇಳಿದವರ ಪಟ್ಟಿಯಲ್ಲಿ ಮೊದಲನೆಯವನು ನಾನೇ.

ಆ ಜೂನ್, ಜುಲೈ ನೆನಪಿದೆಯಲ್ಲ? ಸುಮಾರು 40 ದಿನದಲ್ಲಿ ಜಿಲ್ಲೆಯಲ್ಲಿ 20ಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಹೋದರು ಅಂತ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಜಾತ್ರೆಯ ಹಾಗೆ ಸೇರಿದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಹೃದಯಾಘಾತ ದಿಢೀರ್ ಅಂತ ವಿಪರೀತ ಏರಿದ್ದಕ್ಕೆ ಆಧಾರ ಇಲ್ಲ ಅಂತ ವರದಿ ಬಂತು. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಕುಡಿತ ಅಂತ ಗೊತ್ತಿರುವ ಕಾರಣಗಳನ್ನೇ ಹೇಳಿದರು. ಆದರೆ ಭಯ ಬಂದಷ್ಟು ಬೇಗ ವರದಿ ಬರುವುದಿಲ್ಲ ಅಲ್ವಾ?

ಒಂದು ರಾತ್ರಿ ಹನ್ನೊಂದಕ್ಕೆ ನನಗೆ ಎಡಗಡೆ ಹಿಡಿದ ಹಾಗಾಯಿತು. ಹಲಸಿನ ಹಣ್ಣು ತಿಂದಿದ್ದೆ, ಮೇಲೆ ಎರಡು ಸಲ ಕಾಫಿ ಕುಡಿದಿದ್ದೆ. ಹೆಂಡತಿಗೆ ಹೇಳಲಿಲ್ಲ. ಕತ್ತಲಲ್ಲಿ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾ ಕೂತೆ. ಎಣಿಸಿದಷ್ಟೂ ಜೋರಾಯಿತು. ಇದು ದೊಡ್ಡ ತಪ್ಪು, ನೀವು ಮಾಡಬೇಡಿ. ಎದೆ ಹಿಡಿದುಕೊಂಡರೆ, ಬೆವರಿದರೆ, ನೋವು ಕೈಗೋ ದವಡೆಗೋ ಇಳಿದರೆ ಮನೆಯವರನ್ನು ಎಬ್ಬಿಸಿ, ಆಗಲೇ ಆಸ್ಪತ್ರೆಗೆ ಹೊರಡಿ. ಪ್ರಾರ್ಥನೆಯನ್ನು ಗಾಡಿಯಲ್ಲಿ ಮಾಡಿ.

ನಾನು ಬೆಳಿಗ್ಗೆ ಹೋದೆ. ಸಾಲಿನಲ್ಲಿ ಎರಡು ಗಂಟೆ ನಿಂತೆ. ನನ್ನ ಮುಂದಿದ್ದ ಹುಡುಗನಿಗೆ ಹೆಚ್ಚೆಂದರೆ 22. ಇಸಿಜಿ ನಾರ್ಮಲ್. ಆ ಕಾಗದ ಕೈಗೆ ಬಂದಾಗ ರಾಜ್ಯ ಸಿಕ್ಕಷ್ಟು ಖುಷಿ. ಮನೆಗೆ ಬರುವ ಹೊತ್ತಿಗೆ, ಇದು ಬೆಳಿಗ್ಗಿನ ಹೃದಯ, ರಾತ್ರಿಯ ಹೃದಯ ಹೇಗಿರುತ್ತೋ ಅಂತ ಶುರುವಾಯಿತು. ಆವಾಗ ಗೊತ್ತಾಯಿತು, ನಾನು ಆ ಕಾಗದದಿಂದ ಕೇಳುತ್ತಿದ್ದದ್ದು ಅದರ ಕೈಯಲ್ಲಿ ಇಲ್ಲದ್ದನ್ನು. ನಾಳೆ ಬೆಳಿಗ್ಗೆ ನಾನಿರುತ್ತೇನೆ ಅನ್ನುವ ಗ್ಯಾರಂಟಿಯನ್ನು ಯಾವ ಮೆಷಿನ್ನೂ ಕೊಡುವುದಿಲ್ಲ. ದೇವರೂ ಕೊಟ್ಟಿಲ್ಲ, ನೋಡಿ. ಅವನು ಕೊಟ್ಟಿರುವ ಮಾತು ಬೇರೆ: ನಾನು ನಿನ್ನ ಸಂಗಡ ಇದ್ದೇನೆ ಅಂತ. ಯೆಶಾಯ 41ರಲ್ಲಿ ಹೆದರಬೇಡ ಅನ್ನುವುದಕ್ಕೆ ಕೊಡುವ ಕಾರಣವೇ ಅದು, ನಿನಗೇನೂ ಆಗಲ್ಲ ಅನ್ನುವುದಲ್ಲ.

ಆ ಇಸಿಜಿ ಕಾಗದವನ್ನು ಬೈಬಲ್ ಒಳಗೆ ಮಡಚಿ ಇಟ್ಟಿದ್ದೆ. ಅದು ಬಸ್ ಟಿಕೆಟ್ ಥರದ ಕಾಗದ. ಈಗ ಗೆರೆಗಳು ಅಳಿಸಿ ಹೆಚ್ಚುಕಮ್ಮಿ ಖಾಲಿಯಾಗಿದೆ.

ಡಾಕ್ಟರ ಹತ್ತಿರ ಹೋಗೋದು, ವಿಮೆ ಮಾಡಿಸೋದು, ಗೇಟಿಗೆ ಬೀಗ ಹಾಕೋದು. ಇದೆಲ್ಲ ದೇವರ ಮೇಲೆ ಅಪನಂಬಿಕೆ ಅಲ್ವಾ?

ನಮ್ಮ ಕಡೆ ಇದಕ್ಕೆ ಉತ್ತರ ಆನೆಯೇ ಹೇಳಿಕೊಡುತ್ತದೆ.

ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ನೋಡುತ್ತೇವೆ, ಆನೆಗಳು ಎಲ್ಲಿವೆ ಅಂತ. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಿದ್ದಾರೆ, ಸಂದೇಶ ಕಳಿಸುತ್ತಾರೆ, ರಸ್ತೆ ಬದಿ ಬೋರ್ಡಿನಲ್ಲಿ ಹಾಕುತ್ತಾರೆ. 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವಾಗ ದಸರಾ ಅಂಬಾರಿ ಹೊತ್ತ ಅರ್ಜುನನೇ ಹೋಗಿಬಿಟ್ಟ. ಅಂಥ ಆನೆಯೇ ಉಳಿಯದ ಕಡೆ, ದೇವರು ಕಾಪಾಡ್ತಾನೆ ಅಂತ ಬೆಳಗಿನ ಮಂಜಿನಲ್ಲಿ ಒಬ್ಬನೇ ತೋಟಕ್ಕೆ ಇಳಿಯುವುದು ನಂಬಿಕೆಯಲ್ಲ, ಹುಂಬತನ.

ಬೈಬಲೂ ಇದನ್ನೇ ಹೇಳುತ್ತದೆ. ಕೀರ್ತನೆ 91ರಲ್ಲಿ ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಅಂತ ಇದೆ. ಆ ವಚನವನ್ನು ಯೇಸುವಿಗೆ ಹೇಳಿ, ದೇವಾಲಯದ ತುದಿಯಿಂದ ಹಾರು ಅಂದವನು ಯಾರು? ಸೈತಾನ. ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂದ. ನೆಹೆಮೀಯ ಜೆರುಸಲೇಮಿನ ಗೋಡೆ ಕಟ್ಟುವಾಗ ವೈರಿಗಳ ಬೆದರಿಕೆ ಬಂತು. ಪ್ರಾರ್ಥನೆ ಮಾಡಿದೆವು, ಹಗಲೂ ರಾತ್ರಿ ಕಾವಲೂ ಇಟ್ಟೆವು ಅಂತ ಒಂದೇ ವಾಕ್ಯದಲ್ಲಿ ಬರೆದಿದ್ದಾನೆ. ಧರ್ಮೋಪದೇಶಕಾಂಡ 22ರಲ್ಲಂತೂ ಹೊಸ ಮನೆ ಕಟ್ಟಿದರೆ ತಾರಸಿಗೆ ಗೋಡೆ ಕಟ್ಟಿಸು, ಯಾರಾದರೂ ಬಿದ್ದಾರು ಅಂತ ದೇವರೇ ಎಂಜಿನಿಯರ್ ಥರ ಹೇಳಿದ್ದಾನೆ.

1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗ್ ಬಂತು. ಓಡಿಹೋಗಬಹುದಾ ಅಂತ ಕೆಲವು ಪಾದ್ರಿಗಳು ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್‌ನನ್ನು ಕೇಳಿದರು. ಅವನ ಉತ್ತರದ ಸಾರ ಇಷ್ಟು: ಔಷಧಿ ತಗೊಳ್ಳುತ್ತೇನೆ, ಮನೆಗೆ ಹೊಗೆ ಹಾಕುತ್ತೇನೆ, ಕೆಲಸ ಇಲ್ಲದ ಕಡೆ ಹೋಗುವುದಿಲ್ಲ, ಆದರೆ ಪಕ್ಕದವನಿಗೆ ನಾನು ಬೇಕಾದರೆ ಹೆದರದೆ ಹೋಗುತ್ತೇನೆ. ಕೋವಿಡ್ ಕಾಲದಲ್ಲಿ ಇದು ಯಾರಾದರೂ ನಮಗೆ ಓದಿ ಹೇಳಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಎಚ್ಚರ ಎಲ್ಲಿ ಮುಗಿದು ಭಯ ಎಲ್ಲಿ ಶುರುವಾಗುತ್ತದೆ ಅಂತ ಕೇಳುತ್ತೀರಿ. ನನ್ನ ಅಳತೆ ಒಂದೇ. ಗೇಟಿಗೆ ಬೀಗ ಒಂದು ಸಲ ಹಾಕಿದರೆ ಎಚ್ಚರ. ಹಾಕಿದ ಬೀಗವನ್ನು ನಾಲ್ಕು ಸಲ ಎಳೆದು ನೋಡಿ, ಹಾಸಿಗೆಯಿಂದ ಎದ್ದು ಐದನೇ ಸಲ ಹೋದರೆ ಭಯ.

ಮಳೆ, ರೇಟು, ಸಾಲ. ಇದನ್ನೆಲ್ಲ ದೇವರ ಕೈಗೆ ಬಿಡೋದು ಹೇಗೆ?

ಕಾಫಿ ಬೆಳೆಯುವವನಿಗೆ ದೇವರ ಸಾರ್ವಭೌಮತ್ವ ಪುಸ್ತಕದ ವಿಷಯ ಅಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂ ಮಳೆ ಬೇಕು. ಬಂದು ಹೂವಾದ ಮೇಲೆ ಕೆಲವು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಟ್ಟಲು ಇನ್ನೊಂದು ಮಳೆ ಬೇಕು. ಆಷಾಢದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸುರಿದರೆ ಕೊಳೆ ರೋಗ, ಕಾಯಿ ಉದುರುತ್ತದೆ. ಹಣ್ಣು ಕೊಯ್ದು ಕಣದಲ್ಲಿ ಹರವಿದಾಗ ಮಾತ್ರ ಮಳೆ ಬರಬಾರದು, ಆವಾಗಲೇ ಬರುತ್ತದೆ. ಜನವರಿಯ ಒಂದು ಮಧ್ಯಾಹ್ನ ಮೋಡ ಕವಿದಾಗ ನಾನು, ಹೆಂಡತಿ, ಕೆಲಸಕ್ಕೆ ಬಂದ ಇಬ್ಬರು ಓಡಾಡಿ ಟಾರ್ಪಾಲ್ ಎಳೆದೆವು. ಒಂದು ಮೂಲೆ ಗಾಳಿಗೆ ಎದ್ದು ನಾಲ್ಕು ಚೀಲದಷ್ಟು ಚೆರಿ ನೆನೆಯಿತು. ಆ ರಾತ್ರಿ ನನಗೆ ಮತ್ತಾಯ 6ರಲ್ಲಿ ಬಿತ್ತದೆ, ಕೊಯ್ಯದೆ ದೇವರ ಕೈಯಿಂದ ಉಣ್ಣುವ ಆಕಾಶದ ಪಕ್ಷಿಗಳ ಮೇಲೆ ಸಿಟ್ಟು ಬಂತು. ಅವಕ್ಕೇನು, ಸೊಸೈಟಿಯಲ್ಲಿ ಸಾಲ ಇದೆಯಾ?

ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅನ್ನುತ್ತೇವೆ. ಸುಲಭವಾಗಿ ಅನ್ನುತ್ತೇವೆ, ಬೇರೆಯವರ ಕಣ ನೆನೆದಾಗ.

ನನಗೆ ಆ ದಿನಗಳಲ್ಲಿ ಹತ್ತಿರವಾದವನು ಪ್ರವಾದಿ ಹಬಕ್ಕೂಕ. ಅವನದು ಮೂರೇ ಅಧ್ಯಾಯದ ಸಣ್ಣ ಪುಸ್ತಕ. ಮೊದಲೆರಡರಲ್ಲಿ ದೇವರ ಜೊತೆ ವಾದ. ಕೊನೆಗೆ ಬರೆಯುತ್ತಾನೆ: ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಣ್ಣು ಬಿಡದಿದ್ದರೂ, ಎಣ್ಣೆ ಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ. ರೈತ ಬರೆದ ಪಟ್ಟಿಯ ಹಾಗಿದೆ ಅಲ್ವಾ? ಒಂದೊಂದೇ ನಷ್ಟ, ಹೆಸರು ಹಿಡಿದು. ನಾವು ಒಂದು ಶುಕ್ರವಾರ ಇದನ್ನು ನಮ್ಮ ಪಟ್ಟಿ ಮಾಡಿ ಓದಿದೆವು. ಅರೇಬಿಕಾಗೆ ಕಾಂಡಕೊರಕ ಬಂದರೂ, ಮೆಣಸಿನ ಬಳ್ಳಿ ಸೊರಗಿದರೂ ಅಂತ. ಅರ್ಧಕ್ಕೆ ಒಬ್ಬರಿಗೆ ಗಂಟಲು ಕಟ್ಟಿತು. ನಷ್ಟವನ್ನು ಬಾಯಿಬಿಟ್ಟು ಹೆಸರಿಸಿದರೆ ಅದು ಚಿಕ್ಕದಾಗುವುದಿಲ್ಲ. ಆದರೆ ಕತ್ತಲಲ್ಲಿ ನಿಂತಿದ್ದು ಬೆಳಕಿಗೆ ಬರುತ್ತದೆ.

ಸಾಲದ ವಿಷಯದಲ್ಲಿ ಒಂದು ಖಾರದ ಮಾತು. ದೇವರ ಕೈಗೆ ಬಿಟ್ಟಿದ್ದೇನೆ ಅಂದು ಬ್ಯಾಂಕಿನವರ ಫೋನ್ ಎತ್ತದೆ ಇರಬೇಡಿ. ಹೋಗಿ ಕೂತು ಮಾತಾಡಿ, ಮನೆಯವರಿಗೆ ಮೊತ್ತ ಹೇಳಿ. ಹೆಂಡತಿಗೆ ಗೊತ್ತಿಲ್ಲದ ಸಾಲ ದುಪ್ಪಟ್ಟು ಭಾರ.

ಮಕ್ಕಳು ಬೆಂಗಳೂರಿನಲ್ಲಿ. ರಾತ್ರಿ ಫೋನ್ ಎತ್ತದಿದ್ದರೆ ನಿದ್ದೆ ಬರಲ್ಲ.

ಮೋಶೆಯ ತಾಯಿಯನ್ನು ನೆನಪಿಸಿಕೊಳ್ಳಿ. ಮೂರು ತಿಂಗಳ ಕೂಸನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಯ ಜೊಂಡಿನಲ್ಲಿ ಬಿಟ್ಟಳು. ಬಿಡುವ ಮೊದಲು ನೀರು ಒಳಗೆ ಬಾರದ ಹಾಗೆ ಬುಟ್ಟಿಗೆ ಟಾರು ಬಳಿದಳು. ಮಗಳನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿದಳು, ಏನಾಗುತ್ತೆ ನೋಡಲು. ಆಮೇಲೆ ಕೈ ಬಿಟ್ಟಳು. ಬುಟ್ಟಿಗೆ ಟಾರು ಬಳಿಯುವ ಕೆಲಸ ನಮ್ಮದು, ನದಿ ನಮ್ಮದಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಕರೆ ಮಾಡಿ, ಸಾಕು. ಹದಿನೇಳು ಮಿಸ್ಡ್ ಕಾಲ್ ನೋಡಿದರೆ ಆ ಮಗುವಿಗೇ ಎದೆ ಧಸಕ್ಕೆನ್ನುತ್ತದೆ.

ಒಳ್ಳೆಯವರಿಗೇ ಯಾಕೆ ಹೀಗೆ ಆಗ್ತದೆ? ಏನೋ ಪಾಪ ಮಾಡಿರಬೇಕು ಅಂತಾರಲ್ಲ.

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿತು. ಸತ್ತವರಲ್ಲಿ ಎಳೆಯ ಹುಡುಗರು, ಕಾಲೇಜಿಗೆ ಹೋಗುವವರು. ಮರುದಿನದಿಂದಲೇ ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಲು ಶುರು ಮಾಡಿದರು. ನಮ್ಮ ಚರ್ಚಿನವರೊಬ್ಬರು ಹೇಳಿದ ಕಾರಣವನ್ನು ಇಲ್ಲಿ ಬರೆಯಲು ನನಗೆ ನಾಚಿಕೆ.

ಯೇಸುವಿಗೂ ಇಂಥದ್ದೇ ಪ್ರಶ್ನೆ ಬಂದಿತ್ತು. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಜೆರುಸಲೇಮಿನ ಬೇರೆ ಎಲ್ಲರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳಿದ. ಅಲ್ಲ ಅಂತ ತಾನೇ ಉತ್ತರ ಕೊಟ್ಟ. ಸತ್ತವರ ಲೆಕ್ಕ ಬಿಟ್ಟು ನಿಮ್ಮ ಬದುಕು ನೋಡಿಕೊಳ್ಳಿ ಅಂತ ಬದುಕಿದ್ದವರ ಕಡೆಗೇ ಮಾತು ತಿರುಗಿಸಿದ. ಗೋಪುರ ಯಾಕೆ ಬಿತ್ತು ಅಂತ ಮಾತ್ರ ಹೇಳಲೇ ಇಲ್ಲ. ಅವನು ಹೇಳದ್ದನ್ನು ನಾನು ಹೇಳಲು ಹೋಗುವುದಿಲ್ಲ.

ದೇವರು ಆಳುತ್ತಾನೆ ಅನ್ನುವುದು ಸತ್ತವರ ಮನೆ ಬಾಗಿಲಲ್ಲಿ ನಿಂತು ಹೇಳುವ ಮಾತಲ್ಲ. ಅಲ್ಲಿ ಹೋದರೆ ಕೂತುಕೊಳ್ಳಿ, ನೀರು ಕುಡಿಸಿ, ಪಾತ್ರೆ ತೊಳೆಯಿರಿ. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಕೂತಿದ್ದರಲ್ಲ, ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ನಂಬಿಕೆ ಗಟ್ಟಿ ಇದ್ದಿದ್ದರೆ ವಾಸಿ ಆಗ್ತಿತ್ತು ಅಂತ ಒಬ್ಬರು ಹೇಳಿದರು. ನಿಜವಾ?

ನಿಜ ಅಲ್ಲ. ಹೊರಗಿನಿಂದ ಬಂದ ಒಬ್ಬ ಬೋಧಕರು ನನ್ನ ಅಕ್ಕನಿಗೆ ಇದೇ ಮಾತು ಹೇಳಿದರು, ಭಾವ ತೀರಿಕೊಂಡು ತಿಂಗಳಾಗಿರಲಿಲ್ಲ. ಅವಳು ಆರು ತಿಂಗಳು ಬೈಬಲ್ ಮುಟ್ಟಲಿಲ್ಲ.

ಪೌಲ ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿದ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ಕೃತ್ಯಗಳು 12ರಲ್ಲಿ ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೇವದೂತ ಸೆರೆಮನೆಯಿಂದ ಬಿಡಿಸುತ್ತಾನೆ. ಯಾಕೋಬನ ನಂಬಿಕೆ ಕಡಿಮೆ ಇತ್ತಾ? ಬೈಬಲ್ ಹಾಗೆ ಹೇಳುವುದಿಲ್ಲ. ಇಬ್ಬರೂ ಯೇಸುವಿನ ಹತ್ತಿರದ ಶಿಷ್ಯರೇ. ದಾನಿಯೇಲನ ಮೂವರು ಗೆಳೆಯರು ಉರಿಯುವ ಕುಲುಮೆ ಮುಂದೆ ನಿಂತು, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡ ಬೀಳಲ್ಲ ಅಂತ ಅರಸನಿಗೆ ಹೇಳಿದರು. ಆ 'ಬಿಡಿಸದಿದ್ದರೂ' ಅನ್ನುವ ಪದವನ್ನು ಕೆಲವು ಬೋಧಕರು ಓದುವಾಗ ಹಾರಿಸಿಬಿಡುತ್ತಾರೆ.

ಎಲ್ಲ ಅವನ ಚಿತ್ತದ ಪ್ರಕಾರ ನಡೆಯೋದಾದ್ರೆ ಪ್ರಾರ್ಥನೆ ಯಾಕೆ?

ಅವನಿಗೆ ಗೊತ್ತಿಲ್ಲದ್ದನ್ನು ತಿಳಿಸಲು ಅಲ್ಲ. ನಿಮಗೆ ಬೇಕಾದ್ದು ಕೇಳುವ ಮೊದಲೇ ತಂದೆಗೆ ಗೊತ್ತು ಅಂದ ಯೇಸುವೇ, ಅದೇ ಉಸಿರಿನಲ್ಲಿ, ಹೀಗೆ ಪ್ರಾರ್ಥನೆ ಮಾಡಿ ಅಂತ ಹೇಳಿಕೊಟ್ಟ. ನಮ್ಮ ಮಗಳು ಚಿಕ್ಕವಳಿದ್ದಾಗ ಅವಳ ಫೀಸು ಕಟ್ಟುವ ದಿನ ನನಗೆ ಗೊತ್ತಿರುತ್ತಿತ್ತು. ಆದರೂ ಅವಳು ಓಡಿ ಬಂದು, ಅಪ್ಪಾ ನಾಳೆ ಕೊನೇ ದಿನ ಅನ್ನಬೇಕು. ಹಾಗೆ ಬಂದು ಹೇಳದ ಮಗು ಮನೆಯಲ್ಲಿದ್ದರೆ ಅಪ್ಪನಿಗೆ ಅದೇ ಚಿಂತೆ.

ದೃಷ್ಟಿ, ಮಾಟ, ಗ್ರಹಣ, ಬೆಕ್ಕು ಅಡ್ಡ ಬರೋದು?

ಬೆಕ್ಕಿಗೂ ಅದರದೇ ಕೆಲಸ ಇರುತ್ತದೆ, ಹೋಗಲಿ ಬಿಡಿ. ಮಾಟಕ್ಕೆ ಹೆದರಿ ದುಡ್ಡು ಸುರಿದವರನ್ನು ನೋಡಿದ್ದೇನೆ. ಶಿಲುಬೆ ಹಾಕಿಕೊಂಡವರೂ ಗುಟ್ಟಾಗಿ ತಾಯಿತ ಕಟ್ಟಿಸಿಕೊಂಡಿದ್ದಾರೆ. ಒಬ್ಬನೇ ರಾಜ ಅಂತ ಒಪ್ಪಿದ ಮೇಲೆ ಪಾಳೇಗಾರರಿಗೆಲ್ಲ ಕಪ್ಪ ಕಟ್ಟುವುದು ಯಾಕೆ?

ಶೆಟ್ಟಿಹಳ್ಳಿ ಚರ್ಚನ್ನೇ ದೇವರು ಉಳಿಸಿಕೊಳ್ಳಲಿಲ್ಲ, ನಮ್ಮನ್ನು ಉಳಿಸ್ತಾನಾ?

ಕೇಳಿದವನು ಹತ್ತನೇ ಕ್ಲಾಸಿನ ಹುಡುಗ, ರೀಲ್ಸ್ ನೋಡಿ ಬಂದಿದ್ದ. ಪ್ರಶ್ನೆ ಚೆನ್ನಾಗಿದೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಹಿನ್ನೀರು ಬಂತು. ಊರಿನವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋದರು. ಮಳೆಗಾಲದಲ್ಲಿ ಗೋಡೆ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಜನ ಫೋಟೋ ತೆಗೆಯುತ್ತಾರೆ.

ಆದರೆ ಅಲ್ಲಿಂದ ಹೋದವರು ಪ್ರಾರ್ಥನೆ ಬಿಟ್ಟರಾ? ಜೆರುಸಲೇಮಿನ ದೇವಾಲಯವೇ ಎರಡು ಸಲ ಬಿತ್ತು, ಬಾಬೆಲಿನವರ ಕೈಯಲ್ಲೊಮ್ಮೆ, ಕ್ರಿಸ್ತಶಕ 70ರಲ್ಲಿ ರೋಮನರ ಕೈಯಲ್ಲೊಮ್ಮೆ. ಕಾರಿನ ಹಿಂದೆ ಸ್ಟಿಕ್ಕರ್ ಹಾಕಿಕೊಳ್ಳುವ ಯೆರೆಮೀಯ 29:11 ಇದೆಯಲ್ಲ, ನಿಮಗೆ ಒಳ್ಳೆಯ ಗತಿ ಕಾಣಿಸುತ್ತೇನೆ ಅನ್ನುವ ಮಾತು? ಅದು ಊರು ಕಳೆದುಕೊಂಡು ಬಾಬೆಲಿನಲ್ಲಿದ್ದವರಿಗೆ ಬರೆದ ಕಾಗದ. ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಅಂದರೆ ಕಾಗದ ಓದಿದ ಹೆಚ್ಚಿನವರು ವಾಪಸ್ ಬರುವುದನ್ನು ನೋಡಲಾರರು. ಅಲ್ಲಿವರೆಗೆ ಮನೆ ಕಟ್ಟಿ, ತೋಟ ಮಾಡಿ, ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ಆ ಊರಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳಿ ಅಂತ ಬರೆದಿದ್ದಾನೆ. ಸ್ಟಿಕ್ಕರಿನಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ.

ಹುಡುಗನಿಗೆ ತೋಟ ಮಾಡಿ ಅನ್ನುವ ಮಾತು ಹಿಡಿಸಲಿಲ್ಲ. ಅವನಿಗೆ ಬೆಂಗಳೂರಿಗೆ ಹೋಗಬೇಕಂತೆ.

ಭಯಕ್ಕೆ ಮಾತ್ರೆ ತಗೊಳ್ಳೋದು ತಪ್ಪಾ?

ತಪ್ಪಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಕಾರಣ ಇಲ್ಲದೆ ಕೈಕಾಲು ನಡುಗುತ್ತದೆ, ಬದುಕೇ ಬೇಡ ಅನಿಸುತ್ತದೆ ಅಂದರೆ ಅದು ಕಾಯಿಲೆ. ಸಕ್ಕರೆ ಕಾಯಿಲೆ ಹೇಗೋ ಹಾಗೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಎಲೀಯ ದೊಡ್ಡ ಪ್ರವಾದಿ. ರಾಣಿ ಈಜೆಬೆಲಳಿಗೆ ಹೆದರಿ ಕಾಡಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತಗೋ ಅಂದ. ದೇವರು ಬೈಯಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ, ಉಣ್ಣು, ದಾರಿ ದೂರ ಇದೆ ಅಂದ. ಮಾತು, ಕೆಲಸ, ಪ್ರಶ್ನೆ ಎಲ್ಲ ಆಮೇಲೆ. ಮೊದಲು ನಿದ್ದೆ, ರೊಟ್ಟಿ.

ಸಾವಿನ ಭಯ?

ಇದಕ್ಕೆ ನನ್ನಲ್ಲಿ ಚಂದದ ಉತ್ತರ ಇಲ್ಲ. ಅಪ್ಪ ಸಾಯುವಾಗ ಕೊನೇ ಎರಡು ದಿನ ಕೀರ್ತನೆ 23 ಓದಿಸಿಕೊಂಡರು. ಅದರಲ್ಲಿ ಒಂದು ಸಣ್ಣ ಬದಲಾವಣೆ ಇದೆ, ಗಮನಿಸಿದ್ದೀರಾ? ಹಸಿರುಗಾವಲು, ನೀರು ಇರುವ ತನಕ ದಾವೀದ ತನ್ನ ಕುರುಬನಾದ ದೇವರನ್ನು 'ಆತನು' ಅನ್ನುತ್ತಾನೆ. ಕಾರ್ಗತ್ತಲೆಯ ಕಣಿವೆಗೆ ಬಂದ ಕೂಡಲೇ 'ನೀನು' ಅನ್ನುತ್ತಾನೆ. ಅಪ್ಪನಿಗೆ ಅದನ್ನು ತೋರಿಸಿದವರು ಯಾರೂ ಇಲ್ಲ. ಆದರೆ ಕಣಿವೆಯ ಸಾಲು ಬಂದಾಗಲೆಲ್ಲ ಅವರ ತುಟಿ ಅಲುಗುತ್ತಿತ್ತು.

ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿ ಭಯ ಶುರುವಾದರೆ ಆವಾಗ ಏನು ಮಾಡಬೇಕು? ಅದು ಹೇಳಿ ಮೊದಲು.

ಮೊಬೈಲ್ ಮುಟ್ಟಬೇಡಿ. ಎದ್ದು ಕೂತು ನೀರು ಕುಡಿಯಿರಿ. ಯಾವುದಕ್ಕೆ ಹೆದರಿದ್ದೀರಿ ಅಂತ ಬಾಯಿಬಿಟ್ಟು, ಹೆಸರು ಹಿಡಿದು ದೇವರಿಗೆ ಹೇಳಿ. ಸುಮ್ನೆ ಏನೋ ಭಯ ಅನ್ನಬೇಡಿ, ಏಪ್ರಿಲ್ ಕಂತು ಅನ್ನಿ. ನಾಳೆ ಬೆಳಿಗ್ಗೆ ಮಾಡಬಹುದಾದ ಒಂದು ಕೆಲಸ ಇದ್ದರೆ ಚೀಟಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಅದು ನಿಮ್ಮ ಕೆಲಸ ಅಲ್ಲ. ಆಮೇಲೆ ಬಾಯಿಪಾಠ ಇರುವ ಒಂದು ಕೀರ್ತನೆ, ನಿಧಾನಕ್ಕೆ. ನಾನು 121 ಹೇಳಿಕೊಳ್ಳುತ್ತೇನೆ. ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅಂತ ಇದೆ.

ಹೋದ ಹಲಸಿನ ಕಾಲದಲ್ಲಿ ಒಂದು ರಾತ್ರಿ ಕೆಳಗಿನ ತೋಟದಲ್ಲಿ ಬೈನೆ ಮರ ಮುರಿದ ಸದ್ದಾಯಿತು. ಆಮೇಲೆ ದೊಡ್ಡ ಕೊಂಬೆ ಲಟಲಟ. ಆನೆ. ನಾನು ಕಿಟಕಿ ಹತ್ತಿರ ಟಾರ್ಚ್ ಹಿಡಿದು ನಿಂತೆ, ಹಚ್ಚುವ ಧೈರ್ಯ ಇಲ್ಲ. ಬಾಗಿಲಿಗೆ ಅಗುಳಿ ಹಾಕಿತ್ತು, ಇಲಾಖೆಯವರಿಗೆ ಫೋನೂ ಆಗಿತ್ತು, ಪಕ್ಕದ ಲೈನ್ ಮನೆಯ ಕೆಲಸಗಾರರಿಗೂ ಹೇಳಿಯಾಗಿತ್ತು. ಇನ್ನು ಮಾಡುವುದು ಏನೂ ಇರಲಿಲ್ಲ. ಆದರೂ ನಿಂತಿದ್ದೆ.

ಹೆಂಡತಿ ಕಂಬಳಿಯೊಳಗಿನಿಂದಲೇ, ಯಾಕೆ ನಿಂತಿದ್ದೀರಿ ಅಂದಳು. ಕಾಯ್ತಾ ಇದ್ದೀನಿ ಅಂದೆ.

"ಕಾವಲಿಗೆ ಒಬ್ಬರು ಇದ್ದಾರಲ್ಲ, ಒಂದೇ ಕೆಲಸಕ್ಕೆ ಎರಡು ಆಳಿನ ಕೂಲಿ ಯಾಕೆ?"

ಅಂದು ಆ ಕಡೆ ಹೊರಳಿದಳು. ಐದು ನಿಮಿಷದಲ್ಲಿ ಗೊರಕೆ. ನನಗೆ ನಿದ್ದೆ ಹತ್ತಿದ್ದು ಮೂರೂವರೆಗೆ. ಬೆಳಿಗ್ಗೆ ಹೋಗಿ ನೋಡಿದರೆ ಹಲಸಿನ ಮರದ ಕೆಳಗೆ ಒಂದು ಕಾಯಿ ಇಲ್ಲ, ಆರು ಕಾಫಿ ಗಿಡ ಮಲಗಿದ್ದವು, ಪೈಪ್ ಒಡೆದಿತ್ತು.